ನೆಲಮಾಳಿಗೆಯಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗ್: ನಿವಾಸಿಗಳ ಗಮನಕ್ಕೆ

ಎಲ್ಲ ನಿವಾಸಿಗಳಿಗೆ ನಮಸ್ಕಾರ.

2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿಯನ್ನು ತಂದ ರಾಜ್ಯ ನಮ್ಮದು; ನಮ್ಮ ಸಮುಚ್ಚಯದಲ್ಲೂ ಇಂತಹ ಸ್ಕೂಟರು, ಕಾರುಗಳು ಹೆಚ್ಚುತ್ತಿರುವುದು ಸಂತೋಷದ ವಿಷಯವೇ. ಆದರೆ ಕಳೆದ ವಾರ ದೀಪದ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ರಾತ್ರಿಯಿಡೀ ಚಾರ್ಜ್ ಮಾಡಿದ್ದರಿಂದ ಪ್ಲಗ್ ಕರಗಿಹೋಗಿದೆ. (ಯಾರನ್ನೂ ದೂರುವ ಉದ್ದೇಶವಿಲ್ಲ.)

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ 10ರಿಂದ ಎಲೆಕ್ಟ್ರಿಷಿಯನ್ ಎಲ್ಲ ಚಾರ್ಜಿಂಗ್ ಪಾಯಿಂಟ್‌ಗಳನ್ನು ಪರೀಕ್ಷಿಸಲಿದ್ದು, ಮಧ್ಯಾಹ್ನ 1ರವರೆಗೆ ನೆಲಮಾಳಿಗೆಯಲ್ಲಿ ವಿದ್ಯುತ್ ಇರುವುದಿಲ್ಲ. ವಾಹನವನ್ನು ಶನಿವಾರವೇ ಚಾರ್ಜ್ ಮಾಡಿಕೊಳ್ಳಿ.

ಇನ್ನು ಮುಂದೆ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟನ್ನು, ಕಂಪನಿ ಕೊಟ್ಟ ಚಾರ್ಜರನ್ನು ಮಾತ್ರ ಬಳಸಬೇಕು. ಓಡಿಸಿ ಬಂದ ಕೂಡಲೇ, ಬ್ಯಾಟರಿ ಬಿಸಿಯಿರುವಾಗ ಚಾರ್ಜಿಗೆ ಹಾಕಬಾರದು. ಕಳಚಿ ಒಯ್ಯುವ ಬ್ಯಾಟರಿಯನ್ನು ಮನೆಬಾಗಿಲಿನ ಅಥವಾ ಮೆಟ್ಟಿಲಿನ ಬಳಿ ಇಟ್ಟು ಚಾರ್ಜ್ ಮಾಡಿದರೆ, ಅವಘಡವಾದಾಗ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಕೋಶ ಮಿತಿಮೀರಿ ಕಾದರೆ ಅದರ ಶಾಖ ಪಕ್ಕದ ಕೋಶಗಳಿಗೂ ಹರಡುವುದರಿಂದ, ಆರಿದಂತೆ ಕಂಡ ಬೆಂಕಿಯೂ ಮತ್ತೆ ಹೊತ್ತಿಕೊಳ್ಳಬಹುದು. ಹೊಗೆ ಅಥವಾ ಉಬ್ಬು ಕಂಡರೆ ಹತ್ತಿರ ಹೋಗದೆ, ಎಲ್ಲರನ್ನೂ ಹೊರಗೆ ಕಳುಹಿಸಿ, 112ಕ್ಕೆ ಕರೆ ಮಾಡಿ.

ತಾನಾಗಿ ಬ್ರೇಕ್ ಹಾಕುವ, ಲೇನ್ ಬಿಡದಂತೆ ನೋಡಿಕೊಳ್ಳುವ ಸೌಲಭ್ಯಗಳಿರುವ ಕಾರುಗಳ ಮಾಲೀಕರಿಗೂ ಒಂದು ಮಾತು: ಅವು ಚಾಲಕನಿಗೆ ನೆರವು ಮಾತ್ರ. ಮಕ್ಕಳು ಸೈಕಲ್ ಓಡಿಸುವ ನಮ್ಮ ಇಳಿಜಾರಿನಲ್ಲಿ ಅವನ್ನೇ ನಂಬಿ ಕೂರಬೇಡಿ.

ವಿದ್ಯುತ್ ವಾಹನ ಉಳ್ಳವರು ಶುಕ್ರವಾರ ರಾತ್ರಿಯೊಳಗೆ ತಮ್ಮ ಮನೆಸಂಖ್ಯೆ, ವಾಹನದ ವಿಧ ಮತ್ತು ಚಾರ್ಜ್ ಮಾಡುವ ಜಾಗವನ್ನು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.