ಎಸ್‌ಜಿಪಿಟಿ ನಾರ್ಮಲ್, ಸರಿ. ಫೈಬ್ರೋಸಿಸ್ ಎಷ್ಟು?

ಮಾನ್ಯ ಸಂಪಾದಕರೇ,

ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಲಸಿಕೆ ಹಾಕಿಸಿಕೊಳ್ಳಿ ಅನ್ನುವ ಮಾತು. ಅದು ಬೇಕು, ಬೇಡ ಅನ್ನಲ್ಲ. ಆದರೆ ವೈರಸ್ ಆಗಲೇ ಮೈಸೇರಿ ವರ್ಷಗಟ್ಟಲೆ ಕೂತಿರುವವರ ಗತಿ ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಅಂಥವರು 25.4 ಕೋಟಿ. ನಾನೂ ಅವರಲ್ಲೊಬ್ಬ. ನಮ್ಮಲ್ಲಿ ತುಂಬಾ ಜನ ಕೇಳಿಸಿಕೊಂಡು ಬರುವ ಮಾತು, 'ಎಸ್‌ಜಿಪಿಟಿ ನಾರ್ಮಲ್, ಸ್ಕ್ಯಾನಿಂಗೂ ನಾರ್ಮಲ್, ವರ್ಷ ಬಿಟ್ಟು ಬನ್ನಿ' ಅಂತ.

ನನ್ನ ತಕರಾರು ಇರುವುದು ಇಲ್ಲೇ. ಎಸ್‌ಜಿಪಿಟಿ ಅನ್ನುವ ರಕ್ತಪರೀಕ್ಷೆ ಹೇಳುವುದು ಲಿವರ್‌ಗೆ ಈಗ ಏಟು ಬೀಳುತ್ತಿದೆಯಾ ಅನ್ನುವುದನ್ನು. ಹಿಂದೆ ಬಿದ್ದ ಏಟುಗಳಿಂದ ಒಳಗೆ ಎಷ್ಟು ಕಲೆ ಕಟ್ಟಿದೆ, ಅಂದರೆ ಫೈಬ್ರೋಸಿಸ್ ಎಷ್ಟಾಗಿದೆ ಅಂತ ಅದು ಹೇಳಲ್ಲ. ಈ ವೈರಸ್ ಕೆಲವು ಕಾಲ ಕೆರಳುತ್ತದೆ, ಆಮೇಲೆ ತಣ್ಣಗಾಗುತ್ತದೆ, ತಣ್ಣಗಿದ್ದಾಗ ರಕ್ತ ಕೊಟ್ಟರೆ ರಿಪೋರ್ಟ್ ಚೆನ್ನಾಗೇ ಬರುತ್ತದೆ ಅಲ್ವಾ? ಇನ್ನು ಹೊಟ್ಟೆಯ ಅಲ್ಟ್ರಾಸೌಂಡ್. ಗಡ್ಡೆ ಹುಡುಕಲು ಅದು ಬೇಕೇ ಬೇಕು, ಆದರೆ ಸಿರೋಸಿಸ್‌ಗಿಂತ (ಲಿವರ್ ತುಂಬಾ ಕಲೆ ಕಟ್ಟಿ ಗಂಟುಗಂಟಾಗುವ ಹಂತ) ಮೊದಲಿನ ಹಂತಗಳು ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಕಲೆ ಅಳೆಯಲು ಏಪ್ರಿ ಅನ್ನುವ ಒಂದು ಲೆಕ್ಕ ಇದೆ, 2003ರಿಂದಲೂ ಇದೆ. ರಿಪೋರ್ಟ್‌ನಲ್ಲಿ ಎಸ್‌ಜಿಪಿಟಿ ಜೊತೆಗೇ ಬರುವ ಎಸ್‌ಜಿಒಟಿ ಅಂಕಿಯನ್ನು ಲ್ಯಾಬ್‌ನ ಗರಿಷ್ಠ ಮಿತಿಯಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯಿಂದ (ಸಾವಿರದ ಲೆಕ್ಕದಲ್ಲಿ, 1.6 ಲಕ್ಷ ಅಂದರೆ 160) ಭಾಗಿಸಿ. ಎಸ್‌ಜಿಒಟಿ 38, ಮಿತಿ 40, ಪ್ಲೇಟ್‌ಲೆಟ್ 1.6 ಲಕ್ಷ ಅಂದುಕೊಳ್ಳಿ. ರಿಪೋರ್ಟ್‌ನಲ್ಲಿ ಒಂದೂ ದಪ್ಪ ಅಕ್ಷರ ಇರಲ್ಲ, ಎಲ್ಲವೂ ಮಿತಿಯೊಳಗೆ. ಲೆಕ್ಕ ಹಾಕಿದರೆ ಬರುವುದು 0.59. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 12 ವರ್ಷ ದಾಟಿದವರಿಗೆ ಏಪ್ರಿ 0.5 ಮೀರಿದರೆ ಅಥವಾ ಲಿವರ್ ಎಷ್ಟು ಗಡುಸಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನ ಅಂಕಿ 7 ಕಿಲೋಪ್ಯಾಸ್ಕಲ್ ಮೀರಿದರೆ, ವೈರಸ್ ಎಷ್ಟೇ ಇರಲಿ, ಎಸ್‌ಜಿಪಿಟಿ ಎಷ್ಟೇ ಇರಲಿ, ಚಿಕಿತ್ಸೆಗೆ ಪರಿಗಣಿಸಿ ಅಂದಿದೆ. ಸಿರೋಸಿಸ್ ಗೆರೆ ಏಪ್ರಿಯಲ್ಲಿ 1, ಫೈಬ್ರೋಸ್ಕ್ಯಾನ್‌ನಲ್ಲಿ 12.5.

ಹಾಗಂತ ಒಂದು ಅಂಕಿ ನೋಡಿ ಹೆದರುವುದೂ ಬೇಡ. ಡೆಂಗಿ ಬಂದವರ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರಿರುತ್ತದೆ, ಆಗ ಏಪ್ರಿ ಸುಮ್ನೆ ಮೇಲೆ ಹೋಗುತ್ತದೆ. ಕುಡಿತ ಇದ್ದರೂ ಹಾಗೇ. ಫೈಬ್ರೋಸ್ಕ್ಯಾನ್‌ಗೂ ಅದರದ್ದೇ ಕಿರಿಕಿರಿ ಇದೆ. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇಡಿಸಿ, ಪಕ್ಕೆಲುಬಿನ ಸಂದಿಯಲ್ಲಿ ಒಂದು ಕಡ್ಡಿಯಂಥ ಉಪಕರಣ ಒತ್ತುತ್ತಾರೆ. ಬೆರಳಲ್ಲಿ ಮೆಲ್ಲಗೆ ತಟ್ಟಿದಂತೆ ಆಗುತ್ತದೆ, ನೋವಿಲ್ಲ. ಹಾಗೆ ತಟ್ಟಿದಾಗ ಒಳಗೆ ಒಂದು ಅಲೆ ಏಳುತ್ತದೆ, ಲಿವರ್ ಗಡುಸಾದಷ್ಟೂ ಆ ಅಲೆ ಜೋರಾಗಿ ಓಡುತ್ತದೆ. ಹತ್ತು ಸಲವಾದರೂ ಸರಿಯಾಗಿ ಅಳೆದು ನಡುವಿನ ಅಂಕಿ ತೆಗೆದುಕೊಳ್ಳುತ್ತಾರೆ. ಆದರೆ ಊಟ ಮಾಡಿ ಹೋದರೆ ಅಂಕಿ ಜಾಸ್ತಿ ಬರುತ್ತದೆ, ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿ ಇರಬೇಕು, ಇದನ್ನು ಮೊದಲೇ ಹೇಳದ ಕಡೆಗಳೂ ಇವೆ! ವೈರಸ್ ಕೆರಳಿ ಎಸ್‌ಜಿಪಿಟಿ ತುಂಬಾ ಏರಿದ್ದಾಗಲೂ ಇಲ್ಲದ ಗಡಸುತನ ತೋರಿಸುತ್ತದೆ. ಎರಡು ಲೆಕ್ಕ ತಾಳೆಯಾಗದಿದ್ದರೆ ಸೂಜಿ ಹಾಕಿ ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿ ಇದ್ದೇ ಇದೆ, ಅದರಲ್ಲೂ ಸಿಗುವುದು ಲಿವರ್‌ನ ಒಂದು ಚೂರೇ ಚೂರು.

ಇಷ್ಟೆಲ್ಲ ಯಾಕೆ ಅಂದರೆ ಚಿಕಿತ್ಸೆಯಿಂದ ಈ ಕಲೆ ಕರಗಬಲ್ಲದು. ಈ ವೈರಸ್ ಹತ್ತಿಕ್ಕುವ ಟೆನೊಫೊವಿರ್ ಮಾತ್ರೆ ಐದು ವರ್ಷ ತೆಗೆದುಕೊಂಡವರ ಬಯಾಪ್ಸಿ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಮಂದಿಗೆ ಕೊನೆಗೆ ಸಿರೋಸಿಸ್ ಇರಲಿಲ್ಲ. ಅಳೆಯದೇ ಬಿಟ್ಟರೆ ಆ ಮಾತ್ರೆ ಬೇಕಾದವರಿಗೆ ಅದು ಬೇಕು ಅನ್ನುವುದೇ ತಿಳಿಯಲ್ಲ.

ವೈದ್ಯರಲ್ಲಿ ನನ್ನ ಕೋರಿಕೆ, ಹೆಪಟೈಟಿಸ್ ಬಿ ಇರುವವರಿಗೆ ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಬರೆಯುವಾಗ ಜೊತೆಗೆ ರಕ್ತಕಣ ಎಣಿಸುವ ಸಿಬಿಸಿಯನ್ನೂ ಬರೆಯಿರಿ, ಪ್ಲೇಟ್‌ಲೆಟ್ ಸಿಗುವುದು ಅದರಲ್ಲೇ. ಲ್ಯಾಬ್‌ನವರು ರಿಪೋರ್ಟ್‌ನ ಕೊನೆಗೆ ಏಪ್ರಿ ಅಂತ ಒಂದು ಸಾಲು ಸೇರಿಸಲಿ. ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಹೇಗೂ ಅವರ ಕಂಪ್ಯೂಟರ್‌ನಲ್ಲೇ ಇರುತ್ತವೆ.

ಇಂತಿ,
ಒಬ್ಬ ಓದುಗ