ಕ್ಯಾಂಪ್‌ಗಳ ಹೆಸರು ನಕ್ಷೆಗೆ ಬರಲಿ

ಮಾನ್ಯ ಸಂಪಾದಕರೇ,

ನಾನು ಸಿಂಧನೂರು ತಾಲ್ಲೂಕಿನಲ್ಲಿ 31 ವರ್ಷ ಲೈನ್‌ಮನ್ ಆಗಿ ದುಡಿದವನು. ನಿವೃತ್ತಿಯಾಗಿ ಎರಡು ವರ್ಷವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಆಚೆ ಈಚೆ ಇರುವ ಕ್ಯಾಂಪ್‌ಗಳಲ್ಲಿ ನಾನು ಹತ್ತದ ಕಂಬ ಕಡಿಮೆ. ಯಾವ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ಯಾವ ಓಣಿಗೆ ಕರೆಂಟ್ ಹೋಗುತ್ತದೆ, ಮಳೆ ಬಂದರೆ ಯಾವ ದಾರಿಯಲ್ಲಿ ಎರೆಮಣ್ಣು ಮೆತ್ತಿಕೊಂಡು ಬೈಕಿನ ಚಕ್ರ ತಿರುಗುವುದೇ ಇಲ್ಲ, ಎಲ್ಲಾ ಬಾಯಿಪಾಠ. ಆದರೆ ಇದೆಲ್ಲ ನನ್ನ ತಲೆಯಲ್ಲಿ ಮಾತ್ರ ಇತ್ತು. ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ನಮ್ಮ ಭಾಗದ ಕ್ಯಾಂಪ್ ಅಂದರೆ ಏನು ಅಂತ ದೂರದ ಓದುಗರಿಗೆ ಹೇಳಬೇಕು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಆಂಧ್ರದ ಕಡೆಯ ರೈತರು ಬಂದು ಜಮೀನು ಹಿಡಿದು ಭತ್ತ ಬೆಳೆಯತೊಡಗಿದರು. ಹೊಲದ ಪಕ್ಕ ಹಾಕಿಕೊಂಡ ಗುಡಿಸಲುಗಳೇ ಮುಂದೆ ಊರಾದವು, ಕ್ಯಾಂಪ್ ಅನ್ನುವ ಹೆಸರು ಮಾತ್ರ ಉಳಿದುಬಿಟ್ಟಿತು. ಲಕ್ಷ್ಮೀ ಕ್ಯಾಂಪ್, ವೆಂಕಟೇಶ್ವರ ಕ್ಯಾಂಪ್ ಅಂತ ಕೆಲವಕ್ಕೆ ದೇವರ ಹೆಸರು. ಕೆಲವಕ್ಕೆ ಮೊದಲು ಬಂದ ರೈತನ ಹೆಸರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿಯ ಆರ್‌.ಎಚ್. ಕ್ಯಾಂಪ್‌ಗಳಿಗೆ ಬರೀ ನಂಬರು. ಒಂದೇ ಹೆಸರಿನ ಕ್ಯಾಂಪ್‌ಗಳೂ ಇವೆ. ತೊಂದರೆ ಶುರುವಾಗುವುದೇ ಅಲ್ಲಿ.

ನಾನು ಇನ್ನೂ ಕೆಲಸದಲ್ಲಿದ್ದಾಗಿನ ಮಾತು. ಮಳೆಗಾಲದ ಒಂದು ರಾತ್ರಿ ಒಂದು ಕ್ಯಾಂಪ್‌ನಲ್ಲಿ ತಂತಿ ಹರಿದು ಬಿತ್ತು. ನಾನು ರಜೆಯಲ್ಲಿದ್ದೆ. ಹೊಸದಾಗಿ ಸೇರಿದ್ದ ಹುಡುಗ ಫೋನಿನ ನಕ್ಷೆ ನೋಡಿಕೊಂಡು ಹೊರಟ. ಅದು ಅವನನ್ನು ಅದೇ ಹೆಸರಿನ ಇನ್ನೊಂದು ಕ್ಯಾಂಪ್‌ಗೆ ಕರೆದೊಯ್ದಿತು. ಅವನು ತಿರುಗಿ ಬಂದು ಲೈನ್ ಆಫ್ ಮಾಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಕೊಟ್ಟಿಗೆಯಿಂದ ಹಗ್ಗ ಹರಿದುಕೊಂಡು ಬಂದಿದ್ದ ಒಂದು ಎಮ್ಮೆ ಆ ತಂತಿ ತುಳಿದು ಸತ್ತಿತ್ತು. ಗಬ್ಬದ ಎಮ್ಮೆ. ಆ ಮನೆಯ ಮಕ್ಕಳು ಅದೇ ದಾರಿಯಲ್ಲಿ ಬಹಿರ್ದೆಸೆಗೆ ಹೋಗುತ್ತಿದ್ದರು. ಹುಡುಗನದು ಏನೂ ತಪ್ಪಿಲ್ಲ. ನನಗೆ ಗೊತ್ತಿದ್ದದ್ದು ಅವನಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ, ಅಷ್ಟೇ.

ಹೋದ ವರ್ಷ ರಾಯಚೂರಿನಲ್ಲಿ ಓದುವ ನನ್ನ ತಮ್ಮನ ಮಗಳು ದೀಪಾವಳಿಗೆ ಬಂದಿದ್ದಳು. ಅವಳಿಗೆ ಇದನ್ನು ಹೇಳಿದೆ. ಅವಳು ಫೋನ್ ತೆಗೆದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕ್ಷೆ ತೋರಿಸಿದಳು. "ದೊಡ್ಡಪ್ಪಾ, ಇದನ್ನ ಯಾರು ಬೇಕಾದ್ರೂ ತುಂಬಬಹುದು. ನಿಮಗೆ ಗೊತ್ತಿರೋದನ್ನ ನೀವೇ ಹಾಕ್ರಿ" ಅಂದಳು.

2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಶುರು ಮಾಡಿದ ಕೆಲಸ ಇದು. ಈಗ ಕೋಟಿಗೂ ಜಾಸ್ತಿ ಜನ ಇದರಲ್ಲಿ ಹೆಸರು ನೋಂದಾಯಿಸಿದ್ದಾರೆ. ಬಹುತೇಕರಿಗೆ ಸಂಬಳ ಇಲ್ಲ. ತಮ್ಮ ಊರಿನ ರಸ್ತೆ, ಶಾಲೆ, ಬಾವಿ, ಗುಡಿ, ಮಸೀದಿ ತಾವೇ ಗುರುತು ಹಾಕುತ್ತಾರೆ. ಕಂಬಕ್ಕೂ ಟಿಸಿಗೂ ಅದರಲ್ಲಿ ಜಾಗವಿದೆ! ನನಗೆ ಅದೇ ದೊಡ್ಡ ಖುಷಿ. ಇಡೀ ನಕ್ಷೆಯನ್ನು ಇಳಿಸಿಕೊಂಡು ನೆಟ್‌ವರ್ಕ್ ಸಿಗದ ಕಡೆಯೂ ಫೋನಿನಲ್ಲಿ ನೋಡಬಹುದು. ಎಲ್ಲಿಂದ ತೆಗೆದುಕೊಂಡಿರಿ ಎಂದು ಹೇಳಿ, ಅದರ ನಿಯಮದಂತೆ ಯಾರು ಬೇಕಾದರೂ ಬಳಸಬಹುದು. ಕಂಪನಿಗಳ ನಕ್ಷೆಯಲ್ಲಿ ನಾವು ತಪ್ಪು ತೋರಿಸಿಕೊಟ್ಟರೂ ಆ ಮಾಹಿತಿ ಅವರದೇ ಆಗುತ್ತದೆ. ಇಲ್ಲಿ ಹಾಗಲ್ಲ.

ಮೊದಲ ರಾತ್ರಿ ಆಕಾಶದಿಂದ ತೆಗೆದ ಚಿತ್ರದ ಮೇಲೆ ನಮ್ಮ ಸೀಮೆ ಹುಡುಕುತ್ತಾ ಕೂತೆ. ಹಸಿರು ಗದ್ದೆಗಳ ನಡುವೆ ಕಾಲುವೆ ಕಂಡಿತು. ಅದರ ದಂಡೆ ಹಿಡಿದು ಬೆರಳು ಆಡಿಸುತ್ತಾ ಹೋದೆ. ಅಕ್ಕಿ ಗಿರಣಿಯ ಉದ್ದನೆಯ ತಗಡಿನ ಚಾವಣಿ ಬಂತು. ಆಮೇಲೆ ನೀರಿನ ಟ್ಯಾಂಕಿನ ದುಂಡು ನೆರಳು. ಅದರ ಪಕ್ಕ ಎರಡು ಸಾಲು ಮನೆ. ಎಮ್ಮೆ ಸತ್ತ ಕ್ಯಾಂಪ್ ಅದೇ. ನಕ್ಷೆಯಲ್ಲಿ ಆ ಜಾಗ ಖಾಲಿ ಇತ್ತು. ಒಂದು ಚುಕ್ಕೆ ಇಟ್ಟು, ನಮ್ಮ ಹಳೇ ರಿಜಿಸ್ಟರಿನಲ್ಲಿ ಇದ್ದ ಹೆಸರನ್ನು ಕನ್ನಡದಲ್ಲಿ ಬರೆದೆ.

ನಾಲ್ಕು ದಿನ ಬಿಟ್ಟು ಯಾರೋ ಗುರುತಿಲ್ಲದವರು ಅದರ ಕೆಳಗೆ ಕೇಳಿದ್ದರು: ಈ ಹೆಸರು ಎಲ್ಲಿಂದ ಸಿಕ್ಕಿತು? ಬೇರೆ ನಕ್ಷೆ ನೋಡಿ ಬರೆಯುವಂತಿಲ್ಲ, ಸ್ಥಳದಲ್ಲಿ ಇರುವುದನ್ನೇ ಹಾಕಬೇಕು ಎನ್ನುವುದು ಅಲ್ಲಿನ ನಿಯಮ. ಸರಿ, ಬೈಕ್ ಹತ್ತಿ ಹೋದೆ. ಮೊದಲ ಮನೆಯ ಕಟ್ಟೆ ಮೇಲೆ ವಯಸ್ಸಾದ ಅಮ್ಮ ಒಬ್ಬರು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಹೆಸರು ಕೇಳಿದೆ. "ಅದು ಕಾಗದದಾಗಿಂದು ತಮ್ಮಾ, ಹಂಗ ಯಾರೂ ಕರಿಯಂಗಿಲ್ಲ. ನಮ್ಮದು ತೂಬಿನ ಕ್ಯಾಂಪ್" ಅಂದರು. ಕಾಲುವೆಯ ತೂಬು ಅವರ ಮನೆಯ ಎದುರೇ ಇದೆ. ಹಾಗೆ ಕರೆದರೆ ಇನ್ನೊಂದು ಕ್ಯಾಂಪ್ ಜೊತೆ ಗೊಂದಲವೇ ಆಗುವುದಿಲ್ಲ. 31 ವರ್ಷ ಅಲ್ಲಿ ಓಡಾಡಿದ ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಮನಸ್ಸಿಗೆ ನೋವಾಯಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾಖಲೆಯ ಹೆಸರಿಗೊಂದು ಜಾಗ, ಜನ ಕರೆಯುವ ಹೆಸರಿಗೊಂದು ಜಾಗ ಇದೆ. ಕನ್ನಡ, ತೆಲುಗು, ಬಂಗಾಳಿಗೆ ಬೇರೆ ಬೇರೆ ಜಾಗ ಇದೆ. ಎರಡೂ ಹೆಸರು ಹಾಕಿದೆ. ಆ ಅಮ್ಮ ಹೇಳಿದ ಹಾಗೆ ತೆಲುಗಿನಲ್ಲೂ ಅವರ ಮೊಮ್ಮಗನಿಂದ ಬರೆಸಿದೆ.

ಕನ್ನಡದಲ್ಲಿ ಬರೆಯುವುದು ಯಾಕೆ ಮುಖ್ಯ ಅಂದರೆ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಊರುಗಳ ಹೆಸರು ಅರ್ಧ ಕಳೆದುಹೋಗುತ್ತದೆ. ತುರ್ವಿಹಾಳ, ಗೊರೇಬಾಳ ಇವುಗಳ ಕೊನೆಯ ಅಕ್ಷರ ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ. ದಾರಿ ಹೇಳುವ ಫೋನು ಅದನ್ನು ಓದಿದರೆ ಆ ಊರಲ್ಲೇ ಹುಟ್ಟಿದವನಿಗೂ ತಿಳಿಯುವುದಿಲ್ಲ.

ಇದಕ್ಕೆ ಸರ್ಕಾರದ ಪರವಾನಗಿ ಬೇಡವೇ ಎಂದು ನನ್ನ ಜೊತೆ ಕೆಲಸ ಮಾಡಿದವರು ಕೇಳಿದರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ನಕ್ಷೆ ಮಾಡುವ ನಿಯಮ ಸಡಿಲಿಸಿದೆ. ನಾವು ಹಾಕುವುದು ಊರಿನ ದಾರಿ, ಓಣಿ, ಶಾಲೆ.

2010ರಲ್ಲಿ ಹೈಟಿ ದೇಶದಲ್ಲಿ ಭೂಕಂಪ ಆದಾಗ ಪರಿಹಾರಕ್ಕೆ ಬಂದವರ ಕೈಯಲ್ಲಿ ಸರಿಯಾದ ನಕ್ಷೆ ಇರಲಿಲ್ಲವಂತೆ. ಎಲ್ಲೆಲ್ಲೋ ಮನೆಯಲ್ಲಿ ಕೂತ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ರಾಜಧಾನಿಯ ಬೀದಿಗಳನ್ನು ಬರೆದುಕೊಟ್ಟರು. 2018ರ ಕೇರಳ ನೆರೆಯಲ್ಲೂ ಇಂಥದೇ ಕೆಲಸ ನಡೆಯಿತು. ದೂರದಲ್ಲಿ ಕೂತವರು ರಸ್ತೆ ಎಳೆಯಬಹುದು, ಮನೆ ಗುರುತಿಸಬಹುದು. ಆದರೆ ಆ ಊರಿನ ಹೆಸರು ಅವರಿಗೆ ಚಿತ್ರದಲ್ಲಿ ಕಾಣುವುದಿಲ್ಲ. ಬೇಸಿಗೆಯ ದಾರಿ ಮಳೆಗಾಲದಲ್ಲಿ ಇರುತ್ತದೋ ಇಲ್ಲವೋ ಅದೂ ಕಾಣುವುದಿಲ್ಲ. ಅದನ್ನು ಇಲ್ಲಿನವರೇ ಹೇಳಬೇಕು ಅಲ್ವಾ? 2009ರ ನೆರೆ ನೋಡಿದವರು ನಾವು. ಇನ್ನೊಂದು ನೆರೆ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ತಂತಿ ಹರಿದರೂ ಸಾಕು, ಹೆರಿಗೆ ನೋವು ರಾತ್ರಿ ಶುರುವಾದರೂ ಸಾಕು.

ನಿವೃತ್ತ ಲೈನ್‌ಮನ್‌ಗಳು, ಪೋಸ್ಟ್‌ಮನ್‌ಗಳು, ಬಸ್ ಕಂಡಕ್ಟರ್‌ಗಳು, ಆಶಾ ಕಾರ್ಯಕರ್ತೆಯರು ಇದಕ್ಕೆ ಕೈ ಹಾಕಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಫೋನ್ ಬಳಸಲು ಬಾರದಿದ್ದರೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಹೇಳಿ, ಅವರು ಒತ್ತಲಿ. ಗ್ರಾಮ ಪಂಚಾಯಿತಿಗಳು ಪ್ರತಿ ಕ್ಯಾಂಪ್‌ನ ದಾರಿಯ ಬಾಯಿಗೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿದರೆ ನಮ್ಮ ಕೆಲಸ ಎಷ್ಟೋ ಹಗುರ. ಬೋರ್ಡ್ ಬರೆಸುವ ಮುಂಚೆ ಅಲ್ಲಿಯ ಹಿರಿಯರನ್ನು ಒಮ್ಮೆ ಕೇಳಲಿ.

ಇಲ್ಲಿಯವರೆಗೆ ನಾನು 46 ಕ್ಯಾಂಪ್‌ಗಳಿಗೆ ಹೋಗಿ ಕೇಳಿ ಹೆಸರು ಹಾಕಿದ್ದೇನೆ. ಜವಳಗೇರಾ ಕಡೆಯವು ಬಾಕಿ ಇವೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಬರುವವರೆಗೆ ಕಾಯಬೇಡಿ, ನಿಮ್ಮ ಓಣಿಯಿಂದಲೇ ಶುರು ಮಾಡಿ.

ಇಂತಿ,
ನಿವೃತ್ತ ಲೈನ್‌ಮನ್
ಸಿಂಧನೂರು, ರಾಯಚೂರು ಜಿಲ್ಲೆ