ವಿಶೇಷ ಶಿಕ್ಷಣ: ಸೇರುವ ಮುನ್ನ ವಿಚಾರಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ಕೂಡಲೇ ಪತ್ರಿಕೆಗಳಲ್ಲಿ ‘ಮುಂದೇನು?’ ಪುಟಗಳು ತುಂಬಿಕೊಳ್ಳುತ್ತವೆ. ಅಂಗವೈಕಲ್ಯವಿರುವ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಣಕ್ಕೆ ಅಲ್ಲಿ ಸಿಗುವುದು ಒಂದೆರಡು ಸಾಲು, ಅದೂ ‘ಸೇವಾ ಮನೋಭಾವ ಇರುವವರಿಗೆ’ ಎಂಬ ಮಾತಿನೊಂದಿಗೆ. ಪುಣ್ಯದ ಕೆಲಸವೆಂದು ನಂಬಿ ಸೇರಿದವರಿಗೆ ಇದು ನೋಂದಣಿ ಬೇಡುವ ವೃತ್ತಿ ಎಂದು ತಿಳಿಯುವಷ್ಟರಲ್ಲಿ ಕೆಲವೊಮ್ಮೆ ಹಣವೂ ವರ್ಷವೂ ಹೋಗಿರುತ್ತವೆ.

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ, ಪರಿಷತ್ತು ಅಂದರೆ ಆರ್‌ಸಿಐ ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರು ನೋಂದಾಯಿಸಿದವರಷ್ಟೇ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಬಹುದು. ಮಾನ್ಯತೆ ಇಲ್ಲದ ಆನ್‌ಲೈನ್ ಸರ್ಟಿಫಿಕೇಟ್ ತಂದರೆ ಆ ರಿಜಿಸ್ಟರ್‌ನ (ಸಿಆರ್‌ಆರ್) ನೋಂದಣಿ ಸಂಖ್ಯೆ ಸಿಗುವುದಿಲ್ಲ. ಪರಿಷತ್ತು ಮಾನ್ಯತೆ ಕೊಡುವುದು ಕಾಲೇಜಿಗೆ ಒಟ್ಟಾರೆಯಾಗಿ ಅಲ್ಲ; ಕೋರ್ಸಿಗೆ, ವಿಭಾಗಕ್ಕೆ, ಇಂತಿಷ್ಟು ವರ್ಷಕ್ಕೆ. ಬೌದ್ಧಿಕ ಅಂಗವೈಕಲ್ಯ ವಿಭಾಗಕ್ಕೆ ಒಪ್ಪಿಗೆ ಇರುವ ಕಾಲೇಜಿಗೆ ಶ್ರವಣದೋಷ ವಿಭಾಗಕ್ಕೆ ಇಲ್ಲದಿರಬಹುದು. ಹಾಗಾಗಿ ಶುಲ್ಕ ಕಟ್ಟುವ ಮೊದಲು ಆರ್‌ಸಿಐ ಜಾಲತಾಣದಲ್ಲಿ ಕಾಲೇಜು, ವಿಭಾಗ, ವರ್ಷ ಮೂರನ್ನೂ ತಾಳೆ ನೋಡಬೇಕು. ಪಿಯುಸಿ ನಂತರ 2 ವರ್ಷದ ಡಿ.ಇಡಿ. ವಿಶೇಷ ಶಿಕ್ಷಣವಿದೆ. ಬಿ.ಇಡಿ. ನಿಯಮಗಳು ಹೊಸ ಶಿಕ್ಷಣ ನೀತಿಯ ನಂತರ ಬದಲಾಗುತ್ತಿರುವುದರಿಂದ ಆಯಾ ವರ್ಷದ ಸುತ್ತೋಲೆಯನ್ನೇ ನೋಡಿ ಸೇರಿ.

ಕೋರ್ಸಿನಲ್ಲಿ ಕಲಿಸುವುದೇನು? ಒಂದು ಉದಾಹರಣೆ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಎಂಟು ಹತ್ತು ಹೆಜ್ಜೆಗಳಾಗಿ ಬಿಡಿಸಿ, ಮೊದಲು ಕೊನೆಯ ಹೆಜ್ಜೆಯನ್ನಷ್ಟೇ ಮಗುವಿಗೆ ಬಿಡುತ್ತಾರೆ. ಶಿಕ್ಷಕಿ ಗುಂಡಿಯನ್ನು ತೂತಿನಲ್ಲಿ ಅರ್ಧ ತೂರಿಸುತ್ತಾರೆ, ಮಗು ಈಚೆಗೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ; ನಂತರ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ. ಹೊಸ ಶಿಕ್ಷಕರು ಸಾಮಾನ್ಯವಾಗಿ ಎಡವುವುದು ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಒಂದೊಂದು ಮಗುವಿಗೂ ಅದರದೇ ಕಲಿಕೆಯ ಗುರಿ ಬರೆಯುವಾಗ. ‘ಗಣಿತದಲ್ಲಿ ಸುಧಾರಿಸುತ್ತಾನೆ’ ಎಂದು ಬರೆದರೆ ಅದನ್ನು ಅಳೆಯುವುದು ಹೇಗೆ? ‘ಕೇಳಿದಷ್ಟು ಹುಣಸೆಬೀಜವನ್ನು, 10ರವರೆಗೆ, 5 ಸಲದಲ್ಲಿ 4 ಸಲ ಸರಿಯಾಗಿ ಎಣಿಸಿ ಕೊಡುತ್ತಾನೆ’ ಎಂದು ಬರೆದರೆ ಮೂರು ತಿಂಗಳ ನಂತರ ಏನಾಗಿದೆ ಎಂದು ಯಾರು ಬೇಕಾದರೂ ನೋಡಬಹುದು. ದೃಷ್ಟಿದೋಷ ವಿಭಾಗ ಆರಿಸಿದವರು ಸ್ಲೇಟು (ಹಾಳೆ ಹಿಡಿಯುವ ಕಿಂಡಿಗಳ ಚೌಕಟ್ಟು) ಮತ್ತು ಸ್ಟೈಲಸ್‌ನಲ್ಲಿ (ಚುಚ್ಚುವ ಮೊಳೆ) ಕನ್ನಡ ಬ್ರೈಲನ್ನು ಬಲದಿಂದ ಎಡಕ್ಕೆ ಚುಚ್ಚಿ ಬರೆಯುವುದನ್ನು ಕೈ ಪಳಗುವ ತನಕ ಮಾಡಲೇಬೇಕು. ಹಾಳೆ ತಿರುವಿದಾಗ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದಬಹುದು. ಕೈಬೆರಳು ಕಲಿಯಬೇಕಾದ ಇಂಥ ವಿದ್ಯೆ ಉಪನ್ಯಾಸ ಕೇಳಿದರೆ ಬರುವುದಿಲ್ಲ.

ಉದ್ಯೋಗದ ದಾರಿಗಳು: ವಿಶೇಷ ಶಾಲೆ, ಸಾಮಾನ್ಯ ಶಾಲೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚುವರಿ ನೆರವು ಕೊಡುವ ಸಂಪನ್ಮೂಲ ಕೊಠಡಿ, ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಮಟ್ಟದಲ್ಲಿ ಮನೆಗೇ ಹೋಗಿ ಕಲಿಸುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ಹುದ್ದೆ, ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಎಳವೆಯಲ್ಲೇ ನೆರವು ಕೊಡುವ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರ, ಎಂ.ಇಡಿ. ಮುಗಿಸಿದರೆ ತರಬೇತಿ ಕಾಲೇಜು. ಮಾತಿನ ಚಿಕಿತ್ಸೆ ಬೇರೆಯೇ ಪದವಿ. ಅದನ್ನು ಓದದೆ ಸ್ಪೀಚ್ ಥೆರಪಿಸ್ಟ್ ಎಂದು ಫಲಕ ಹಾಕಿಕೊಳ್ಳುವುದು ತಪ್ಪು.

ಆದರೆ ಕಲಿತವರಿಗೆ ಕಾಯಂ ಹುದ್ದೆ ಎಲ್ಲಿದೆ? ಸುಪ್ರೀಂ ಕೋರ್ಟ್ 2021ರಲ್ಲೇ ವಿಶೇಷ ಶಿಕ್ಷಕರ ಹುದ್ದೆ ಸೃಷ್ಟಿಸಲು ಹೇಳಿತು. ಪ್ರಾಥಮಿಕ ಹಂತದಲ್ಲಿ ಅಗತ್ಯವಿರುವ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅನುಪಾತ ನಿಗದಿಯಾಯಿತು. ಮಾರ್ಚ್ 2025ರಲ್ಲಿ ಕೋರ್ಟ್ ರಾಜ್ಯಗಳಿಗೆ ಮತ್ತೆ ಗಡುವು ಕೊಟ್ಟಿತು. ಗುತ್ತಿಗೆಯ ಮೇಲಿರುವ ಶಿಕ್ಷಕರು ಬೇರೆ ಕೆಲಸ ಸಿಕ್ಕ ದಿನ ಹೊರಡುತ್ತಾರೆ, ಅರ್ಧ ಕಲಿತ ಮಗು ಮತ್ತೆ ಮೊದಲಿಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಪ್ರತಿ ತಾಲ್ಲೂಕಿಗೆ ಎಷ್ಟು ಕಾಯಂ ಹುದ್ದೆ, ಯಾವ ವಿಭಾಗಕ್ಕೆ ಎಷ್ಟು ಎಂಬ ಪಟ್ಟಿಯನ್ನು ಶಿಕ್ಷಣ ಇಲಾಖೆ ಮುಂದಿನ ಪ್ರವೇಶಕ್ಕೆ ಮೊದಲೇ ಪ್ರಕಟಿಸಲಿ. ಯಾವ ವಿಭಾಗ ಆರಿಸಬೇಕೆಂದು ಕೋರ್ಸಿಗೆ ಸೇರುವವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

– ವಿಶೇಷ ಶಿಕ್ಷಕರ ತರಬೇತಿಯಲ್ಲಿರುವ ಅಧ್ಯಾಪಕರು, ಮೈಸೂರು